ಕಾಕಿಮಾ ಬೆರಳು ಕೊಟ್ಟ ದಿನ

ಈ ಜನವರಿಯಲ್ಲಿ ತಂಗಿ ಶೈಲಾ ಕೋಲ್ಕತ್ತಾದಿಂದ ಫೋನ್ ಮಾಡಿದಳು. "ಅಕ್ಕ, ನೀನೇ ಬರ್ಬೇಕು. ಕಾಕಿಮಾನ ಕಾಲಿನ ಗಾಯ ಒಣಗುದೇ ಇಲ್ಲ. ನಾನು ಹೇಳಿದ್ರೆ ಕೇಳುದಿಲ್ಲ ಮಾರಾಯ್ತಿ." ಉಡುಪಿಯಿಂದ ಬೆಂಗಳೂರಿಗೆ ಬಸ್ಸು ಹಿಡಿದೆ, ಅಲ್ಲಿಂದ ಹೌರಾ ರೈಲು. ಚಪಾತಿ, ಚಟ್ನಿಪುಡಿ, ಬಾಳೆಹಣ್ಣು ಕಟ್ಟಿಕೊಂಡಿದ್ದೆ. ಒಡಿಶಾ ದಾಟುವ ಹೊತ್ತಿಗೆ ಚಳಿ ಶುರುವಾಯಿತು. ಎದುರಿನ ಸೀಟಿನವರು ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡರು. ಬಂಗಾಳ ಹತ್ತಿರವಾಯಿತೆಂದು ಅದರಿಂದಲೇ ಗೊತ್ತಾಯಿತು.

ಕಾಕಿಮಾ, ಅಂದರೆ ಚಿಕ್ಕಮ್ಮ, ಎಂದು ನಾವು ಕರೆಯುತ್ತಿದ್ದುದು ಕೋಲ್ಕತ್ತಾದ ಬೆಹಾಲಾದಲ್ಲಿ ನಮ್ಮ ಬಾಡಿಗೆ ಮನೆಯ ಯಜಮಾನಿಯನ್ನು. ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಆ ಕಡೆ ವರ್ಗವಾಗಿದ್ದಾಗ ಅವರ ಮಹಡಿಯಲ್ಲಿ ಒಂಬತ್ತು ವರ್ಷ ಇದ್ದೆವು. ಶೈಲಾ ಓದಲು ಬಂದದ್ದೂ ಆ ಮನೆಗೇ. ಈಗ ಅವಳು ಅಲಿಪುರದ ಕಡೆಯ ಒಂದು ಪ್ರಯೋಗಾಲಯದಲ್ಲಿ ಸಕ್ಕರೆ ಕಾಯಿಲೆಯ ಸಂಶೋಧಕಿ. ಆದರೆ ಕಾಕಿಮಾ ಕಣ್ಣಿಗೆ ಇನ್ನೂ ಎರಡು ಜಡೆಯ ಹುಡುಗಿ.

ಹೌರಾದಲ್ಲಿ ಶೈಲಾ ಕಾದಿದ್ದಳು. ಟ್ಯಾಕ್ಸಿ ಹೊಸ ಸೇತುವೆ ಏರಿದಾಗ ಕೇಳಿದೆ, "ಅವರ ಮೂರು ತಿಂಗಳ ಸಕ್ಕರೆಯ ರಿಪೋರ್ಟು ಯಾವಾಗ್ಲೂ ಚಂದ ಬರ್ತದಲ್ಲ?"

"ಅದೇ ಕಷ್ಟ. ಅವರ ರಕ್ತದಲ್ಲಿ ಹುಟ್ಟಿನಿಂದ್ಲೇ ಸಣ್ಣ ದೋಷ ಉಂಟು. ಇಲ್ಲಿ ತುಂಬ ಜನಕ್ಕೆ ಉಂಟು, ಗೊತ್ತೇ ಆಗುದಿಲ್ಲ. ಪಾತ್ರೆಗೆ ಎಷ್ಟು ಮಸಿ ಹಿಡಿದಿದೆ ಅಂತ ನೋಡಿ ಒಲೆಯ ಉರಿ ಹೇಳುವ ಪರೀಕ್ಷೆ ಅದು. ಪಾತ್ರೆಯನ್ನೇ ಬೇಗ ಬೇಗ ಬದಲಾಯಿಸಿದ್ರೆ ಮಸಿ ಎಲ್ಲಿ ಹಿಡೀತದೆ? ಇವರ ಕೆಂಪು ಕಣಗಳು ಬೇಗ ಸಾಯ್ತವೆ, ಸಕ್ಕರೆ ಅಂಟ್ಲಿಕ್ಕೆ ಪುರುಸೊತ್ತೇ ಇಲ್ಲ. ಬೆರಳು ಚುಚ್ಚಿ ನೋಡ್ಬೇಕು. ಕೊಡುದಿಲ್ಲ. ಹೀಗೇ ಬಿಟ್ರೆ ಕಾಲು ಉಳಿಯುದಿಲ್ಲ ಅಕ್ಕ."

ಬೆಹಾಲಾ ಬಂತು. ನಮ್ಮ ಕಾಲದಲ್ಲಿ ರಸ್ತೆ ನಡುವೆ ಟ್ರಾಮ್ ಗಣಗಣ ಎನ್ನುತ್ತಿತ್ತು. ಈಗ ಅದಿಲ್ಲ, ತಲೆಯ ಮೇಲೆ ಮೆಟ್ರೊ. ಗಲ್ಲಿಯೊಳಗೆ ಮಾತ್ರ ಅದೇ ಸಾಸಿವೆ ಎಣ್ಣೆಯ ಘಾಟು, ಅದೇ ಹಸಿರು ಕಿಟಕಿಗಳು.

ಕಾಕಿಮಾ ಕುಂಟುತ್ತಲೇ ಬಾಗಿಲಿಗೆ ಬಂದರು. "ಎ ಮಾ! ಬೌಮಾ, ಎಷ್ಟು ದಪ್ಪಗಾಗಿದ್ದೀಯೆ!" ಸೊಸೆಯನ್ನು ಕರೆಯುವಂತೆ ನನ್ನನ್ನು ಬೌಮಾ ಎಂದು ಕರೆಯುವವರು ಈಗ ಅವರೊಬ್ಬರೇ. ಕೆಂಪು ಸಿಮೆಂಟಿನ ನೆಲದ ಮೇಲೆ ಕೂರುವ ಮೊದಲೇ ತಟ್ಟೆ ಬಂತು: ಒಡೆದ ಹಾಲಿಗೆ ಹೊಸ ಖರ್ಜೂರದ ಬೆಲ್ಲ ಹಾಕಿ ಮಾಡುವ ಸಂದೇಶ ಎಂಬ ಸಿಹಿ, ಎರಡು. ಒಂದು ನನಗೆ, ಒಂದು ಅವರಿಗೆ. ಹಿಂದೆಯೂ ಹೀಗೇ. ಬಂದವರು ಬಾಯಿ ಸಿಹಿ ಮಾಡಿಕೊಳ್ಳದೆ ಎದ್ದರೆ ಮನೆಗೆ ಕೇಡು ಎಂದು ಅವರ ನಂಬಿಕೆ. ಬಾಡಿಗೆ ಕೊಡಲು ಇಳಿದವಳನ್ನೂ ಬರಿಬಾಯಲ್ಲಿ ಕಳುಹಿಸಿದವರಲ್ಲ.

ನಾನು ತಟ್ಟೆ ದೂರ ಸರಿಸಿದೆ. "ಮೊದಲು ಬೆರಳು ಕೊಡಿ ಕಾಕಿಮಾ. ಆಮೇಲೆ ತಿನ್ನುತ್ತೇನೆ."

"ಶೈಲಾ ಹೇಳಿಕೊಟ್ಟಳಾ? ನನ್ನ ರಿಪೋರ್ಟು ನಿನ್ನ ಗಂಡನದಕ್ಕಿಂತ ಚೆನ್ನಾಗಿದೆ!"

"ಇರಬಹುದು. ನಾನು ಹಾಗೇ ಎದ್ದು ಹೋಗುತ್ತೇನೆ."

"ಹೋಗು ನೋಡೋಣ."

ಎದ್ದು ಚೀಲ ಹೆಗಲಿಗೆ ಹಾಕಿ ಬಾಗಿಲವರೆಗೆ ನಡೆದೆ. ಚಪ್ಪಲಿ ಮೆಟ್ಟಿದೆ. ನಿಜಕ್ಕೂ ಕರೆಯದಿದ್ದರೆ ಏನು ಮಾಡುವುದು? ಒಂದು ಕಾಲು ಹೊಸಿಲಾಚೆ ಇಟ್ಟಾಗ ಹಿಂದಿನಿಂದ ಕೂಗಿದರು: "ಹಟಮಾರಿ! ದಕ್ಷಿಣದವರೆಲ್ಲ ಹೀಗೆಯೇ! ತಗೋ, ಚುಚ್ಚು!"

ಶೈಲಾ ಚುಚ್ಚಿದಳು. ಮುನ್ನೂರು ದಾಟಿತ್ತು.

"ಮೆಷಿನ್ ಕೆಟ್ಟಿದೆ," ಎಂದರು ಕಾಕಿಮಾ. "ಬೌಮಾದು ನೋಡು."

ನಾನೂ ಬೆರಳು ಚಾಚಿದೆ. ನೂರಹನ್ನೆರಡು. ಶೈಲಾ ಎರಡು ಅಂಕಿಗಳನ್ನೂ ತೋರಿಸಿದಳು. ಕಾಕಿಮಾ ತಮ್ಮ ಕಾಲಿನ ಬ್ಯಾಂಡೇಜನ್ನು ನೋಡಿದರು. ಆಮೇಲೆ ತಮ್ಮ ಪಾಲಿನ ಸಂದೇಶವನ್ನೂ ನನ್ನ ಕಡೆಗೆ ತಳ್ಳಿದರು. "ತಿನ್ನು. ನಿನಗೆ ದೇವರು ಒಳ್ಳೆ ರಕ್ತ ಕೊಟ್ಟಿದ್ದಾನೆ." ಎರಡನ್ನೂ ತಿಂದು ಮುಗಿಸಿದೆ.

ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆವು. ಇನ್ಸುಲಿನ್ ಶುರುವಾಯಿತು, ದಿನವೂ ಡ್ರೆಸ್ಸಿಂಗ್. ಉಳಿದ ದಿನಗಳಲ್ಲಿ ನಾನು ಅವರ ಅಡುಗೆಮನೆಯಲ್ಲಿ ಮೆಂತ್ಯದ ದೋಸೆ ಹುಯ್ದೆ, ಅವರು ಹೊರಗಿನಿಂದಲೇ ಉಪ್ಪು ಕಡಿಮೆ ಎಂದರು. ನಾನು ಹೊರಡುವ ಹೊತ್ತಿಗೆ ಗಾಯದ ಅಂಚಿನ ಊತ ಇಳಿದಿತ್ತು. "ಕಾಲು ಉಳಿಯಬಹುದು" ಎಂದರು ಡಾಕ್ಟರು. ಇನ್ನೂ ಖಚಿತವಿಲ್ಲ.

ಹೊರಟ ಬೆಳಿಗ್ಗೆ ಕಾಕಿಮಾ ತಟ್ಟೆ ತಂದರು. ಅದರಲ್ಲಿ ಒಂದೇ ಸಂದೇಶ, ಪಕ್ಕದಲ್ಲಿ ಸಕ್ಕರೆ ನೋಡುವ ಮೆಷಿನ್. ತಾವೇ ಕಣ್ಣು ಬಿಗಿ ಮುಚ್ಚಿ ಬೆರಳು ಚುಚ್ಚಿಕೊಂಡರು. "ಈಗ ನೀನು ತಿನ್ನು," ಎಂದರು.

ಟ್ಯಾಕ್ಸಿ ಗಲ್ಲಿಯ ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಹಿಂದೆ ನಾವು ವರ್ಗವಾಗಿ ಹೊರಟ ದಿನ ನಿಂತಲ್ಲೇ, ಕಾಕಿಮಾ ಬಾಗಿಲ ಕಂಬ ಹಿಡಿದು ನಿಂತಿದ್ದರು. ಕೈ ಬೀಸುತ್ತಿದ್ದರು, ಹೆಬ್ಬೆರಳು ಮಾತ್ರ ಪಕ್ಕದ ಬೆರಳಿನ ತುದಿಗೆ ಚೂರು ಹತ್ತಿಯನ್ನು ಒತ್ತಿಕೊಂಡೇ ಇತ್ತು.