ಲಾಳಿಗೆ ಅಂಟಿದ ಕೆಂಪು

ಉಪ್ಪು, ಶೇಂಗಾ ಎಣ್ಣೆ, ತೊಗರಿ ಬೇಳೆ, ಅತ್ತೆಯ ದಮ್ಮಿನ ಗುಳಿಗೆ. ಅವತ್ತು ನಾನು ತರಬೇಕಾಗಿದ್ದದ್ದು ಇಷ್ಟೇ. ಎರಡನೆಯ ಸಲದ ಲಾಕ್‌ಡೌನ್ ಅದು. ಗಜೇಂದ್ರಗಡದ ಪೇಟೆ ಬೆಳಿಗ್ಗೆ ಆರಕ್ಕೆ ತೆರೆದು ಹತ್ತಕ್ಕೆ ಮುಚ್ಚುತ್ತಿತ್ತು. ತೆರೆಯುತ್ತಿದ್ದದ್ದೂ ಹೊಟ್ಟೆಗೆ ಮತ್ತು ಜಡ್ಡಿಗೆ ಬೇಕಾದ ಅಂಗಡಿಗಳು ಮಾತ್ರ. ಆ ವಾರ ನಮ್ಮ ಓಣಿಯಿಂದ ಎರಡು ಹೆಣ ಹೋಗಿದ್ದವು. ಹೊರುವವರಿಲ್ಲ, ಅಳುವವರಿಲ್ಲ, ಗಾಡಿ ಬಂದು ಒಯ್ದಿತ್ತು. ನಾವು ಕಿಟಕಿ ಸಂದಿಯಿಂದ ನೋಡಿ ಬಾಗಿಲು ಹಾಕಿಕೊಂಡಿದ್ದೆವು.

ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಗಂಡ ನರಗುಂದದ ಕಾಳಿನ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಬಸ್ಸು ನಿಂತ ಮೇಲೆ ಅಲ್ಲಿಯ ಗೋದಾಮಿನಲ್ಲೇ ಉಳಿದಿದ್ದ. ದಿನಾ ಸಂಜೆ ಫೋನು ಮಾಡುತ್ತಿದ್ದ, ಉಂಡಿರೇನು, ನೀರು ಬಂತೇನು ಎಂದೆಲ್ಲ ಕೇಳಿದ ಮೇಲೆ ಒಂದು ಮಾತು ತಪ್ಪದೆ ಹೇಳುತ್ತಿದ್ದ.

“ನೀ ಹ್ಯಾಂಗರ ತಡಕೋತಿ. ಅವ್ವಗ ಈ ಜಡ್ಡು ಹತ್ತಿದ್ರ ಅಕಿ ಉಳಿಯೂದಿಲ್ಲ. ನೆನಪಿರ್ಲಿ.”

ನಾನೇನು ಕಲ್ಲುಗುಂಡೇ ಎಂದು ಸಿಟ್ಟು ಬರುತ್ತಿತ್ತು. ಆದರೆ ಅವನು ಹೇಳಿದ್ದು ಖರೆ. ಐವತ್ತು ವರ್ಷ ನೂಲಿನ ಧೂಳು ಕುಡಿದ ಎದೆ ಅತ್ತೆಯದು. ಮೆಟ್ಟಿಲು ಹತ್ತಿದರೆ ಸಿಳ್ಳೆ ಹೊಡೆದಂತೆ ಉಸಿರು ಬರುತ್ತಿತ್ತು. ಅದಕ್ಕೇ ಅವಳನ್ನು ಹೊಸ್ತಿಲು ದಾಟಲು ನಾನು ಬಿಡುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಸಬಕಾರದ ನೀರಿನಲ್ಲಿ ತೊಳೆಯುತ್ತಿದ್ದೆ. ಅತ್ತೆ ನನ್ನನ್ನು ಕಾಡಿಸುತ್ತಿದ್ದಳು: ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರಲ್ಲ, ಈಗ ನಿನ್ನ ಕಾಲ ಬಂತು ನೋಡು, ನನ್ನನ್ನ ಕಟ್ಟಿ ಹಾಕಿದಿ ಎಂದು.

ಇಬ್ಬರಿಗೂ ಒಂದೇ ಮಗ್ಗ. ಬೆಳಗಿನ ಹೊತ್ತು ನಾನು ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಇಳಿದು ನೇಯುತ್ತಿದ್ದೆ, ಊಟವಾದ ಮೇಲೆ ಅವಳು. ಸೀರೆ ಒಂದೇ, ಲಾಳಿಯೂ ಒಂದೇ. ನೇಕಾರರ ಮನೆಯಲ್ಲಿ ಹುಟ್ಟದವರಿಗೆ ಅಡ್ಡ ನೂಲು ಹೊತ್ತು ಆಚೀಚೆ ಓಡುವ ಈ ಲಾಳಿಯ ವಿಷಯ ಒಂದಿಷ್ಟು ಹೇಳಬೇಕು. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಕೂರುತ್ತದೆ. ಆ ನೂಲಿನ ತುದಿ ಪಕ್ಕದ ಸಣ್ಣ ತೂತಿನಿಂದ ಹೊರಗೆ ಬರಬೇಕು. ಬೆರಳಿಗೆ ಸಿಗುವುದಿಲ್ಲ, ಸೂಜಿಯಿಂದ ತೆಗೆಯುವಷ್ಟು ಪುರಸೊತ್ತು ಯಾರಿಗೂ ಇಲ್ಲ. ತೂತಿಗೆ ತುಟಿ ಒತ್ತಿ ಒಮ್ಮೆ ಜೋರಾಗಿ ಉಸಿರು ಎಳೆದರೆ ಎಳೆ ಬಾಯಿಗೇ ಬರುತ್ತದೆ. ಕಂಡಿಕೆ ಮುಗಿದಾಗಲೆಲ್ಲ ಹೀಗೆ ಎಳೆಯಬೇಕು, ಒಂದು ಸೀರೆಗೆ ಎಷ್ಟು ಸಲವೋ ಎಣಿಸಿದವರಿಲ್ಲ. ಹಾಲಿನ ಪ್ಯಾಕೆಟ್ಟು ತೊಳೆಯುತ್ತಿದ್ದ ನನಗೆ ಲಾಳಿಯನ್ನು ತೊಳೆಯಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ಅದು ನಮಗೆ ನಮ್ಮ ಬಾಯಿಯಂತೆಯೇ ಇತ್ತು.

ಅವತ್ತು ಎಣ್ಣೆ, ಬೇಳೆ, ಉಪ್ಪು ತೆಗೆದುಕೊಂಡು ಗುಳಿಗೆಯ ಅಂಗಡಿಯ ಸಾಲಿನಿಂದ ಹೊರಬಂದಾಗ ಇನ್ನೂ ಒಂಬತ್ತು ಗಂಟೆ. ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಬಳೆ, ರಿಬ್ಬನ್ನು, ಸ್ನೋ, ಪೌಡರು ಮಾರುವ ಫ್ಯಾನ್ಸಿ ಅಂಗಡಿಯ ಶಟರು ಮುಚ್ಚಿತ್ತು. ಆದರೆ ಪಕ್ಕದ ಸಂದಿಯಲ್ಲಿ ಇಬ್ಬರು ಹೆಂಗಸರು ಒಳಗೆ ಹೋಗುವುದು ಕಂಡಿತು. ನನ್ನ ಕಾಲು ಅವರ ಹಿಂದೆ ಹೋಯಿತು. ಎರಡು ತಿಂಗಳಿಂದ ಬೇಳೆ, ಉಪ್ಪು, ಗುಳಿಗೆ ಬಿಟ್ಟು ಏನನ್ನೂ ಕೊಂಡಿರಲಿಲ್ಲ. ನಾಳೆ ನಮ್ಮ ಬಾಗಿಲಿಗೂ ಆ ಗಾಡಿ ಬಂದರೆ ಎಂಬ ಭಯದಲ್ಲಿ ಮಲಗಿ ಏಳುತ್ತಿದ್ದವಳಿಗೆ ಒಂದು ಸುಡುಗಾಡು ಸಾಮಾನಾದರೂ ಬೇಕೆನಿಸಿತ್ತು, ಅಷ್ಟೇ.

ಒಳಗೆ ಏಳೆಂಟು ಜನ ಇದ್ದೆವು. ಕಿಟಕಿಯಿಲ್ಲ, ಫ್ಯಾನಿಲ್ಲ. ಹೊರಗೆ ಸಪ್ಪಳ ಕೇಳಬಾರದೆಂದು ಎಲ್ಲರೂ ಪಿಸುಮಾತಿನಲ್ಲಿದ್ದರು. ಪೊಲೀಸರ ಗಾಡಿ ಬಂತೆಂದು ಯಾರೋ ಹೇಳಿದ ಕೂಡಲೇ ಅಂಗಡಿಯವಳು ಸಂದಿಯ ಬಾಗಿಲನ್ನೂ ಹಾಕಿದಳು. ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದು ತುಟಿಬಣ್ಣದ ಪೆಟ್ಟಿಗೆ ತೆರೆದಳು. ನಾನು ಮೂವತ್ತಾರು ವರ್ಷ ತುಟಿಗೆ ಬಣ್ಣ ಹಚ್ಚಿದವಳಲ್ಲ. ಹಚ್ಚಿದರೆ ನಮ್ಮ ಓಣಿ ನಗದೆ ಬಿಡುತ್ತಿರಲಿಲ್ಲ. ಈಗ ಮಾಸ್ಕ್ ಇದೆ, ಅದರ ಒಳಗೆ ಏನಿದೆ ಎಂದು ಯಾರು ನೋಡುತ್ತಾರೆ? ಈ ಬುದ್ಧಿ ಆ ಹೊತ್ತಿಗೆ ಭಾರೀ ಶಾಣ್ಯಾತನವೆಂದು ತೋರಿತು.

ತೋರಿಸಲೆಂದೇ ಇಟ್ಟಿದ್ದ ಒಂದು ಕಡ್ಡಿ ಇತ್ತು. ನನ್ನ ಮುಂದಿನವಳು ಮಾಸ್ಕ್ ಇಳಿಸಿ ಹಚ್ಚಿಕೊಂಡಳು, ಕನ್ನಡಿ ನೋಡಿದಳು, ಕೆಮ್ಮಿದಳು. ಎಲ್ಲರೂ ಅವಳ ಕಡೆ ತಿರುಗಿದೆವು. ಬೇಸಿಗೆಯ ಧೂಳು ಎಂದಳು. ಅಂಗಡಿಯವಳು ಕಡ್ಡಿಯ ತುದಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. ನಾನು ಒಂದು ಗಳಿಗೆ ತಡೆದೆ. ಎದೆಯೊಳಗೆ ಯಾರೋ ಬ್ಯಾಡ ಎಂದರು. ಆದರೂ ಮಾಸ್ಕ್ ಇಳಿಸಿದೆ.

ಕೊಂಡ ಬಣ್ಣವನ್ನು ಬೇಳೆಯ ಚೀಲದೊಳಗೆ ಸೇರಿಸಿ ತಂದೆ. ಇಷ್ಟು ಹೊತ್ತು ಯಾಕೆ ಎಂದು ಅತ್ತೆ ಕೇಳಿದಾಗ ಗುಳಿಗೆಯ ಅಂಗಡಿಯಲ್ಲಿ ಪಾಳಿ ಉದ್ದ ಇತ್ತೆಂದೆ. ಜ್ವರ ಬಂದವರೆಲ್ಲ ಅಲ್ಲೇ ನಿಂತಿದ್ದರೇನೋ ಎಂದು ಅವಳು ಮರುಗಿದಳು.

ಮರುದಿನ ಅತ್ತೆ ದೇವರ ಮುಂದೆ ಕೂತಿದ್ದಾಗ ಬಣ್ಣ ಹಚ್ಚಿಕೊಂಡು ಮಗ್ಗಕ್ಕೆ ಕೂತೆ. ಮಗ್ಗದ ಕೋಣೆಯಲ್ಲಿ ಒಬ್ಬಳೇ, ಯಾರಿಗೂ ಕಾಣದ ಚೆಲುವು. ನೇಯುತ್ತ ನೇಯುತ್ತ ನಗು ಬರುತ್ತಿತ್ತು. ಆಮೇಲೆ ದಿನಾ ಹಚ್ಚಿಕೊಂಡು, ಊಟದ ಹೊತ್ತಿಗೆ ತುಟಿ ಒರೆಸಿ ಏಳುತ್ತಿದ್ದೆ. ಮೂರನೆಯ ದಿನ ಗಂಟಲಲ್ಲಿ ಏನೋ ಚುಚ್ಚಿತು, ಸಣ್ಣಗೆ ಕೆಮ್ಮು ಶುರುವಾಯಿತು. ಐದನೆಯ ದಿನ ಒಗ್ಗರಣೆಗೆ ಇಂಗು ಹಾಕಿದೆ, ವಾಸನೆ ಬರಲಿಲ್ಲ. ಡಬ್ಬಿಯನ್ನೇ ಮೂಗಿಗೆ ಹಿಡಿದೆ. ಏನೂ ಇಲ್ಲ.

ಅದರ ಅರ್ಥ ನನಗೆ ಗೊತ್ತಿತ್ತು. ಆಗ ಗೊತ್ತಿಲ್ಲದವರು ಯಾರಿದ್ದರು? ಡಬ್ಬಿಯ ಮುಚ್ಚಳ ಹಾಕಿ ಕೂತೆ. ಹೇಳಿದರೆ ಎಲ್ಲಿ ಹತ್ತಿತು ಎಂದು ಕೇಳುತ್ತಾರೆ, ಎಲ್ಲಿ ಎಂದರೆ ಫ್ಯಾನ್ಸಿ ಅಂಗಡಿ, ಯಾಕೆ ಎಂದರೆ ತುಟಿಬಣ್ಣ. ಗಂಡನಿಗೆ ಫೋನಿನಲ್ಲಿ ಆ ಮಾತು ಹೇಗೆ ಹೇಳಲಿ? ಇವತ್ತೊಂದು ದಿನ ನೋಡೋಣ, ಬರೀ ನೆಗಡಿ ಇರಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಮಧ್ಯಾಹ್ನ ಅತ್ತೆ ಗುಂಡಿಗೆ ಇಳಿದಳು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕಂಡಿಕೆ ಮುಗಿಯಿತು. ಹೊಸದನ್ನು ಹಾಕಿದಳು, ಲಾಳಿಯನ್ನು ಮೇಲೆತ್ತಿದಳು. ಬೆಳಿಗ್ಗೆಯೆಲ್ಲ ನನ್ನ ತುಟಿಗಿದ್ದ ಲಾಳಿ ಅದು. ನಿಲ್ಲು ಎನ್ನಲು ಒಂದು ಉಸಿರಿನಷ್ಟು ಹೊತ್ತು ಇತ್ತು. ನಾನು ಕೆಮ್ಮು ನುಂಗಿಕೊಂಡು ನಿಂತೆ. ಅವಳು ತುಟಿ ಒತ್ತಿ ಎಳೆದಳು, ಎಳೆ ಬಂತು. ಚಹಾವನ್ನು ಅವಳ ಪಕ್ಕದಲ್ಲಿಟ್ಟು ಒಳಗೆ ಹೋದೆ.

ಮುಂದಿನ ವಾರ ಅತ್ತೆ ಹಾಸಿಗೆ ಹಿಡಿದಳು. ಆಶಾ ಕಾರ್ಯಕರ್ತೆ ಬಂದು ಬೆರಳಿಗೆ ಯಂತ್ರ ಹಚ್ಚಿದಳು, ತೆಗೆದು ಇನ್ನೊಂದು ಬೆರಳಿಗೆ ಹಚ್ಚಿದಳು, ಹೊರಗೆ ಹೋಗಿ ಫೋನು ಮಾಡಿದಳು. ನಮ್ಮ ಬಾಗಿಲಿಗೂ ಗಾಡಿ ಬಂತು. ಎದುರು ಮನೆಗಳ ಕಿಟಕಿ ಸಂದಿಯಲ್ಲಿ ಕಣ್ಣುಗಳಿದ್ದವು. ರೋಣದ ದವಾಖಾನೆಗೆ ಒಯ್ದರು, ನನ್ನನ್ನು ಮನೆಯಲ್ಲೇ ಬೇರೆ ಇಟ್ಟರು. ಎಲ್ಲಿ ಹತ್ತಿರಬಹುದು ಎಂದು ಬರೆದುಕೊಳ್ಳಲು ಬಂದವರು ಕೇಳಿದರು. ಗುಳಿಗೆಯ ಅಂಗಡಿಯ ಪಾಳಿಯಲ್ಲಿ ಎಂದೆ. ಅತ್ತೆಯ ಗುಳಿಗೆ ತರಲು ಹೋಗಿ ಹಿಂಗಾಯಿತೆಂದು ಗಂಡ ಫೋನಿನಲ್ಲಿ ಅತ್ತ, ನನ್ನನ್ನು ಒಂದು ಮಾತೂ ಬೈಯಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು ಬೇಳೆ ಬೇಯಿಸಿಕೊಂಡು ತಿನ್ನುತ್ತಿದ್ದೆ, ಉಣ್ಣುವವಳು ರೋಣದಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದಳು.

ಅತ್ತೆ ಉಳಿದಳು. ಹದಿನೆಂಟು ದಿನಕ್ಕೆ ಮನೆಗೆ ಬಂದಳು, ಅರ್ಧ ಆಗಿ. ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದಳು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೇಡವೆಂದರೂ ಕೇಳದೆ ಮಗ್ಗಕ್ಕೆ ಇಳಿದಳು. ಕಂಡಿಕೆ ಹಾಕಿ ಲಾಳಿಯನ್ನು ತುಟಿಗೆ ಒತ್ತಿದಳು. ಎಳೆ ಬರಲಿಲ್ಲ. ಮತ್ತೆ ಎಳೆದಳು. ಮೂರನೆಯ ಸಲ ಎದೆಯಿಂದ ಸಿಳ್ಳೆಯಷ್ಟೇ ಬಂತು. ನಾನು ಓಡಿ ಹೋಗಿ ಸೂಜಿ ತಂದೆ. ಅವಳು ಸೂಜಿ ಬೇಡವೆಂದು ಲಾಳಿಯನ್ನು ನನ್ನ ಕಡೆ ಚಾಚಿದಳು.

ನಾನು ಎಳೆದು ಕೊಟ್ಟೆ. ಅವಳು ಲಾಳಿಯ ತೂತನ್ನು ನೋಡುತ್ತ, ಈಗ ಬಣ್ಣ ಹಚ್ಚಿಕೊಳ್ಳುವುದಿಲ್ಲವೇನು ಎಂದು ಕೇಳಿದಳು. ಜಡ್ಡು ಬರುವ ಮುಂಚೆ ಲಾಳಿಯ ತೂತಿಗೆ ಕೆಂಪು ಹತ್ತಿತ್ತು, ಸೀರೆಯ ಅಂಚಿನಲ್ಲೂ ಒಂದು ಚುಕ್ಕಿ ಬಿದ್ದಿತ್ತು, ಎಲ್ಲ ನೋಡಿದ್ದೆ ಎಂದಳು. ಹಚ್ಚಿಕೊಂಡರೆ ಹಚ್ಚಿಕೊಳ್ಳಲಿ, ಕೇಳಿದರೆ ನಾಚಿಕೊಂಡಾಳು ಎಂದು ಸುಮ್ಮನಿದ್ದಳಂತೆ.

“ಮತ್ತ ನನ್ನ ಕೆಮ್ಮು?” ಎಂದೆ.

“ಅದೂ ಕೇಳಿಸಿತ್ತು,” ಎಂದಳು. ಉಸಿರು ಬರುವ ತನಕ ಸ್ವಲ್ಪ ಹೊತ್ತು ತಡೆದಳು. “ಏನರ ಇದ್ರ ನೀನ ಹೇಳ್ತಿದ್ದಿ ಅಂತ ತಿಳಕೊಂಡೆ.”

ಸಿಟ್ಟು ಮಾಡಿ ಹೇಳಲಿಲ್ಲ. ಹೇಳಿ ನೇಯಲು ಶುರು ಮಾಡಿದಳು. ಇವತ್ತಿಗೂ ಮಧ್ಯಾಹ್ನ ಒಂದಿಷ್ಟು ಹೊತ್ತು ಗುಂಡಿಗೆ ಇಳಿಯುತ್ತಾಳೆ. ನಾನು ದೂರ ಹೋಗುವಂತಿಲ್ಲ. ಕಂಡಿಕೆ ಮುಗಿದಾಗಲೆಲ್ಲ ಮಗ್ಗದ ಸಪ್ಪಳ ನಿಲ್ಲುತ್ತದೆ, ಅವಳು ಲಾಳಿ ಹಿಡಿದು ನನ್ನ ದಾರಿ ನೋಡುತ್ತ ಕೂತಿರುತ್ತಾಳೆ.