ಆಕಾಶಕ್ಕೆ ಮುಚ್ಚಿದ ಬ್ಯಾರನ್

ಇದು 2002ರ ಜನವರಿಯಲ್ಲಿ ನಡೆದದ್ದು. ಸೇನೆಗೆಂದು ತಯಾರಾದ ಹೊಸ ಕ್ಯಾಮೆರಾವನ್ನು ಪರೀಕ್ಷಿಸಲು ಒಂದು ಪುಟ್ಟ ಉಪಗ್ರಹ ಹಾರಿಸಿದ್ದರು. ಅದರ ಕಣ್ಣು ಎಷ್ಟು ಚುರುಕು ಎಂದು ತಿಳಿಯಲು ನೆಲದ ಮೇಲೆ ದೊಡ್ಡ ಬಿಳಿ ಬಟ್ಟೆಗಳನ್ನು ಹಾಸುವುದು ನನ್ನ ಕೆಲಸ. ರಾವಂದೂರಿನ ಹತ್ತಿರ ಸ್ವಾಮಿಗೌಡರ ಖಾಲಿ ಹೊಲದಲ್ಲಿ ಐದು ಬಟ್ಟೆ ಹಾಸಿದೆ.

"ಬಟ್ಟೆ ಕಂಡ್ರೆ ನಮ್ ಬ್ಯಾರನ್ನೂ ಕಾಣ್ತದಾ ಸಾರ್?" ಎಂದು ಗೌಡರು ಕೇಳಿದರು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಟ್ಟಡಗಳಾದ ಅವರ ಎರಡು ಬ್ಯಾರನ್‌ಗಳು ಹೊಲದ ಬದಿಯಲ್ಲೇ ಎತ್ತರಕ್ಕೆ ನಿಂತಿದ್ದವು.

"ಕಾಣಬಹುದು."

"ಕೆಟ್ಟೆ ಕಣ್ರೀ! ಲೈಸೆನ್ಸ್ ಇರೋದು ಒಂದಕ್ಕೇಯ. ಫೋಟೋ ತಂಬಾಕು ಬೋರ್ಡ್ನೋರ ಕೈಗೆ ಸಿಕ್ರೆ ಅದೂ ಓಯ್ತದೆ."

ಫೋಟೋ ಅವರಿಗೆ ಹೋಗುವುದಿಲ್ಲ ಎಂದೆ. ಗೌಡರು ನಂಬಲಿಲ್ಲ. ರಾಗಿ ಒಣಗಿಸಲು ಬಿಳಿ ಗೊಬ್ಬರದ ಚೀಲಗಳನ್ನು ಸೇರಿಸಿ ಹೊಲಿದಿದ್ದ ಹಾಸನ್ನು ಹೊತ್ತು ತಂದು, ಏಣಿ ಹತ್ತಿ, ಎರಡನೇ ಬ್ಯಾರನ್ನಿನ ಚಾವಣಿಯ ಮೇಲೆ ಹರಡಿದರು.

"ಊರಿಗೆಲ್ಲ ಗೊತ್ತಿರೋದ್ನ ಆಕಾಶಕ್ಕೆ ಮುಚ್ತಾವ್ರೆ ನೋಡಿ," ಎಂದು ಅವರ ಹೆಂಡತಿ ಕೆಳಗೆ ನಿಂತು ನಕ್ಕರು.

"ನೀ ಸುಮ್ಕೆ ಏಣಿ ಇಡ್ಕೊಳಮ್ಮಿ!"

ಮೇಲಿಂದ ನೋಡಿದರೆ ಬಿಳಿಯೇ ಎಲ್ಲಕ್ಕಿಂತ ಎದ್ದು ಕಾಣುತ್ತದೆ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಉಪಗ್ರಹ ಹಾದುಹೋಗುವ ಸಮಯವಾಯಿತು. ಗೌಡರು ಹಾಸಿನ ತುದಿ ಹಿಡಿದು ಅಲ್ಲೇ ಮೇಲೆ ಕುಳಿತರು.

ವಾರದ ನಂತರ ಚಿತ್ರ ಬಂತು. ಕ್ಯಾಮೆರಾ ಚೆನ್ನಾಗಿದೆಯೆಂದು ಮೇಲಿನವರಿಗೆ ಸಂತೋಷ. ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಯಾಕೆಂದು ಯಾರೂ ನನ್ನನ್ನು ಕೇಳಲಿಲ್ಲ. ಚಿತ್ರದಲ್ಲಿ ಕಂಡದ್ದನ್ನಷ್ಟೇ ವರದಿಯಲ್ಲಿ ಬರೆದೆ: ಬಿಳಿ ಬಟ್ಟೆ ಆರು, ಬ್ಯಾರನ್ ಒಂದು.