ನಡುಗಿದ್ದು ನನ್ನ ಕೈಯಲ್ಲ

ಉಳವಿ ಚನ್ನಬಸವಣ್ಣನನ್ನು ನಂಬಿದ ಎಲ್ಲ ಅಕ್ಕ-ಅಣ್ಣಂದಿರಿಗೆ ದಾಂಡೇಲಿಯ ಗಿರಿಜಾಳ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ನಾಲ್ಕು ತಿಂಗಳು ಯೋಚಿಸಿದೆ. ಇದರಲ್ಲಿ ನನ್ನ ಒಡಹುಟ್ಟಿದವನ ಮಾತು ಬರುತ್ತದೆ. ಅದನ್ನು ಮುಚ್ಚಿಟ್ಟರೆ ದೇವರು ಮಾಡಿದ ಉಪಕಾರವನ್ನೂ ಮುಚ್ಚಿಟ್ಟಂತಾಗುತ್ತದೆ.

ನಮ್ಮ ಯಜಮಾನರು ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಧಾರವಾಡದಲ್ಲಿ ಡಯಾಲಿಸಿಸ್ ಆಗಬೇಕು. ಅದಕ್ಕೆಂದೇ ಒಂದು ಹಳೆಯ ಕಾರು ಕೊಂಡು, ಐವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಹಳಿಯಾಳದ ಮೇಲೆ ಹಾಯ್ದು ಧಾರವಾಡ.

ಹೋದ ವರ್ಷ ಶ್ರಾವಣದಲ್ಲಿ ತೇರಗಾಂವದ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಸ್ಟೇರಿಂಗ್ ಗಡಗಡ ನಡುಗಿ, ಆ ನಡುಕ ನನ್ನ ಮೊಣಕೈವರೆಗೆ ಬಂತು. ಬ್ರೇಕ್ ಬಿಟ್ಟೊಡನೆ ನಿಂತಿತು. ಅಂದಿನಿಂದ ಜೋರಾಗಿ ಹೋಗುವಾಗ ಬ್ರೇಕ್ ಹಾಕಿದಾಗಲೆಲ್ಲ ಹಾಗೇ ಆಗತೊಡಗಿತು.

ನನ್ನ ತಮ್ಮ ಶಿವಾನಂದನದು ದಾಂಡೇಲಿಯಲ್ಲೇ ಗ್ಯಾರೇಜು. ನಮ್ಮವ್ವ ತೀರಿಕೊಂಡಾಗ ಅವನಿಗೆ ಹನ್ನೆರಡು ವರ್ಷ. ಅವನನ್ನು ನನ್ನ ಗಂಡನ ಮನೆಗೆ ಕರೆತಂದು ಸಾಕಿದೆ, ಐಟಿಐ ಓದಿಸಿದೆ. ಅವನು ಮುಂದಿನ ಗಾಲಿ ಬಿಚ್ಚಿ ನೋಡಿ, ಬ್ರೇಕ್ ಹಿಡಿಯುವ ಕಬ್ಬಿಣದ ಡಿಸ್ಕುಗಳು ಸವೆದು ಸೊಟ್ಟಾಗಿವೆ, ಹೊಸವು ಹಾಕಬೇಕು ಎಂದ. ಹೊಸ ಡಿಸ್ಕಿನ ಡಬ್ಬಿಗಳನ್ನು ನಾನೇ ಕಣ್ಣಾರೆ ನೋಡಿದೆ. ಎರಡು ದಿನ ಬಿಟ್ಟು ಗಾಡಿ ಕೊಟ್ಟ.

ಆ ಶುಕ್ರವಾರವೂ ಸ್ಟೇರಿಂಗ್ ನಡುಗಿತು. ಮತ್ತೆ ಹೋದೆ, ಗಾಲಿಯ ಬ್ಯಾಲೆನ್ಸ್ ಮಾಡಿಸಿದ. ಮೂರನೇ ಸಲ ಹೋದಾಗ ತಾನೇ ಓಡಿಸುತ್ತ ಪೇಟೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ ಬಂದು, ನನ್ನ ಮುಖ ನೋಡದೆ ಹೇಳಿದ:

"ಅಕ್ಕ, ಗಾಡಿ ಸರಿ ಐತಿ. ನಿನ್ನ ಕೈನ ನಡಗಾಕತ್ತಾವು. ಅವ್ವಗೂ ಹಿಂಗ ಶುರು ಆಗಿತ್ತಲ್ಲ."

ನಮ್ಮವ್ವನಿಗೆ ಇದ್ದದ್ದು ಕೈ ನಡುಗುವ ರೋಗ. ಕೊನೆಗೆ ನೀರಿನ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಮನೆಗೆ ಬಂದು ಚಹಾ ಸೋಸುವಾಗ ಕೈ ನೋಡಿಕೊಂಡೆ, ನಡುಗಿದಂತೆಯೇ ಕಂಡಿತು. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ನರದ ಡಾಕ್ಟರಿಗೆ ತೋರಿಸಿದೆ. ಅವರು ಬರೆಸಿದರು, ನಡೆಸಿದರು, ಕೈ ಚಾಚಿಸಿದರು. ಏನೂ ಕಾಣುವುದಿಲ್ಲ ಎಂದರು. ಇನ್ನೂ ಶುರುವಿನಲ್ಲಿದೆ, ಅದಕ್ಕೇ ಕಂಡಿಲ್ಲ ಎಂದು ನಾನು ತಿಳಿದೆ. ತಮ್ಮ ಸುಳ್ಳು ಹೇಳುತ್ತಾನೆಂದು ಕನಸಿನಲ್ಲೂ ಅನಿಸಲಿಲ್ಲ.

ಕಾರು ಮುಟ್ಟುವುದನ್ನು ಬಿಟ್ಟೆ. ಡಯಾಲಿಸಿಸ್‌ಗೆ ಬಸ್ಸೇ ಗತಿಯಾಯಿತು. ಒಂದು ಶುಕ್ರವಾರ ವಾಪಸು ಬರುವಾಗ ಹಳಿಯಾಳ ನಿಲ್ದಾಣದಲ್ಲಿ ಬಸ್ಸು ಬದಲಿಸಲು ಇಳಿದೆವು. ಯಜಮಾನರು ಮೆಟ್ಟಿಲಲ್ಲಿ ತಲೆ ಸುತ್ತಿ ಬಿದ್ದರು. ಸೂಜಿ ಚುಚ್ಚಿದ ಜಾಗದಿಂದ ರಕ್ತ ಬಂದು ಅಂಗಿ ತೊಯ್ದಿತು. ಅದನ್ನು ಸೆರಗಿನಿಂದ ಒತ್ತಿ ಹಿಡಿದು, ಅಷ್ಟು ಜನರ ನಡುವೆ ಬೇಡಿಕೊಂಡೆ: ಚನ್ನಬಸವಣ್ಣಾ, ಇವರು ಇರುವಷ್ಟು ದಿನವಾದರೂ ನನ್ನ ಕೈ ನಡುಗದಂತೆ ಮಾಡು.

ಉಳವಿಗೆ ಬರುತ್ತೇನೆಂದು ಹರಕೆ ಹೊತ್ತೆ. ಕಾರಿನಲ್ಲಿ ಕರೆದುಕೊಂಡು ಹೋಗು ಎಂದು ತಮ್ಮನನ್ನು ಕೇಳಿದರೆ ಕೆಲಸ ಬಹಳವಿದೆ ಎಂದ. ಹೀಗಾಗಿ ನಮ್ಮ ಕಾರನ್ನೇ ಓಡಿಸಲು, ಬಾಡಿಗೆ ಗಾಡಿ ಓಡಿಸುವ ದೋರ್ಜೆ ಎಂಬವರನ್ನು ಕರೆದೆವು. ಮುಂಡಗೋಡದ ಟಿಬೆಟನ್ ಕಾಲೊನಿಯವರು, ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ.

ಜೋಯಿಡಾ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಅವರು ಬ್ರೇಕ್ ಹಾಕಿದರು. ಪಕ್ಕದಲ್ಲಿ ಕುಳಿತಿದ್ದ ನನಗೆ ಅವರ ಎರಡೂ ಕೈ ಗಡಗಡ ನಡುಗುವುದು ಕಂಡಿತು.

"ನಿಮ್ಮ ಕೈನೂ ನಡಗತಾವೇನ್ರಿ?" ಎಂದೆ.

"ಕೈ ಅಲ್ರೀ ಅಮ್ಮಾರ, ಸ್ಟೇರಿಂಗ್. ಯಾರ ಹಿಡದ್ರೂ ನಡಗತೈತಿ."

ಮುಂದೆ ಸಮ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿಯಿಲ್ಲದ ಕಡೆ, ಅದೇ ವೇಗದಲ್ಲಿ ಹೋಗುತ್ತ ಕಾಲಿನ ಬ್ರೇಕ್ ಮುಟ್ಟದೆ ಹ್ಯಾಂಡ್ ಬ್ರೇಕನ್ನಷ್ಟೇ ಮೆಲ್ಲಗೆ ಎಳೆದು ನೋಡಿದರು. ಸ್ಟೇರಿಂಗ್ ಅಲುಗಲಿಲ್ಲ. ಹ್ಯಾಂಡ್ ಬ್ರೇಕು ಹಿಂದಿನ ಗಾಲಿ ಹಿಡಿಯುತ್ತದೆ, ಆದ್ದರಿಂದ ದೋಷ ಮುಂದೆ ಇದೆ ಎಂದರು. ಉಳವಿಯಲ್ಲಿ ಗಾಡಿ ನಿಲ್ಲಿಸಿ, ಜಾಕ್ ಕೊಟ್ಟು ಮುಂದಿನ ಗಾಲಿ ಬಿಚ್ಚಿದರು. ಡಿಸ್ಕು ಸವೆದು ಅಂಚಿನಲ್ಲಿ ಏಣು ಎದ್ದಿತ್ತು, ಮೈಯೆಲ್ಲ ಕಾದು ಎದ್ದ ನೀಲಿ ಕಲೆ. ನಾನು ಹೊಸ ಡಿಸ್ಕಿನ ಮಾತು ಹೇಳಿದಾಗ ಅವರು, ಇದನ್ನು ಬದಲು ಮಾಡಿಯೇ ಇಲ್ಲ ಎಂದರು.

ಗುಡಿಯೊಳಗೆ ಹೋಗಿ ಗದ್ದುಗೆಯ ಮುಂದೆ ನಿಂತೆ. ಎರಡೂ ಕೈ ಚಾಚಿದೆ. ಅವು ಅಲುಗಲಿಲ್ಲ. ಸಂತೋಷ ಪಡಬೇಕಿತ್ತು, ನಾನು ಅತ್ತದ್ದು ತಮ್ಮನಿಗಾಗಿ.

ಅದೇ ವಾರ ದೋರ್ಜೆ ತಮಗೆ ಗೊತ್ತಿದ್ದ ಮುಂಡಗೋಡದ ಗ್ಯಾರೇಜಿಗೆ ಕರೆದೊಯ್ದರು. ಈ ಸಲ ನಾನು ಅಲ್ಲಿಂದ ಕದಲಲಿಲ್ಲ. ಡಿಸ್ಕು ಕೂರುವ ಜಾಗದ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ, ಎರಡೂ ಬದಿಗೆ ಹೊಸ ಡಿಸ್ಕು, ಹೊಸ ಬ್ರೇಕ್ ಪ್ಯಾಡು ಹಾಕಿದರು. ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಒಂದೇ ಸಮ ಬಿಗಿದರು. ವಾಪಸು ನಾನೇ ಓಡಿಸಿದೆ. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅಲ್ಲಾಡದೆ ಗಾಡಿ ನಿಂತಿತು.

ತಮ್ಮನನ್ನು ಕೇಳಿದೆ. ಅವಸರದಲ್ಲಿದ್ದ ರೆಸಾರ್ಟಿನವರ ಗಾಡಿಗೆ ನನ್ನ ಡಿಸ್ಕುಗಳನ್ನು ಹಾಕಿಬಿಟ್ಟಿದ್ದನಂತೆ. ನನಗೆ ಮುಂದಿನ ವಾರ ಹಾಕಿದರಾಯಿತು ಎಂದುಕೊಂಡು, ಆಮೇಲೆ ಹೇಳಲು ಬಾಯಿ ಬರಲಿಲ್ಲವಂತೆ.

"ಗಾಡಿ ಮಾತು ಬಿಡು," ಎಂದೆ. "ಅವ್ವನ ಬ್ಯಾನಿ ಯಾಕ ನನ್ನ ಮೈಗೆ ಹಚ್ಚಿದಿ?"

ನಾನು ಎದ್ದು ಬಂದೆ. ಆಮೇಲೆ ಎರಡು ಸಲ ಬಾ ಎಂದು ಹೇಳಿಕಳಿಸಿದ್ದಾನೆ, ನಾನು ಹೋಗಿಲ್ಲ. ಕ್ಷಮಿಸುವ ಮನಸ್ಸು ಕೊಡು ಎಂದು ದಿನವೂ ಬೇಡುತ್ತೇನೆ. ಅದು ಇನ್ನೂ ಬಂದಿಲ್ಲ ಎಂಬುದನ್ನು ನಿಮ್ಮೆದುರು ಮುಚ್ಚಿಡುವುದಿಲ್ಲ. ಆದರೆ ರಕ್ತಸಂಬಂಧ ಕೈಬಿಟ್ಟಾಗ, ಗುರುತೇ ಇಲ್ಲದ ಒಬ್ಬರ ಕೈಯಲ್ಲಿ ಸ್ಟೇರಿಂಗ್ ಕೊಟ್ಟು ನಿಜ ತೋರಿಸಿದ ಚನ್ನಬಸವಣ್ಣ ಇದನ್ನೂ ಒಂದು ದಿನ ಕೊಡುತ್ತಾನೆಂಬ ನಂಬಿಕೆ ಗಟ್ಟಿಯಾಗಿದೆ. ಅವನ ಋಣ ದೊಡ್ಡದು.

ಈ ಮಂಗಳವಾರ ಧಾರವಾಡದಿಂದ ಬರುವಾಗ ಯಜಮಾನರು ನನ್ನ ಪಕ್ಕದಲ್ಲಿ ನಿದ್ದೆಹೋದರು. ದಾಂಡೇಲಿಯಲ್ಲಿ ಮನೆಯ ಮುಂದೆ ಗಾಡಿ ನಿಲ್ಲಿಸಿದ ಮೇಲೆ, ನಾನೇ ಭುಜ ಮುಟ್ಟಿ ಎಬ್ಬಿಸಬೇಕಾಯಿತು.